ವಿದ್ಯುತ್ತನ್ನು ಒಯ್ಯುವ ರಬ್ಬರು

ರಬ್ಬರು ವಿದ್ಯುತ್ತನ್ನು ತಡೆಯುತ್ತದೆ ಎಂಬುದು ವಿಜ್ಞಾನದ ಮೊದಲ ಪಾಠಗಳಲ್ಲಿ ಒಂದು. ಕಂಬವೇರುವ ಲೈನ್‌ಮನ್ ರಬ್ಬರಿನ ಕೈಗವಸು ತೊಡುತ್ತಾನೆ. ವಿದ್ಯುತ್ ಉಪಕೇಂದ್ರದ ಸ್ವಿಚ್ ಫಲಕದ ಮುಂದೆ ದಪ್ಪನೆಯ ರಬ್ಬರ್ ಹಾಸು ಇರುತ್ತದೆ. ಆದರೆ ದಿನಸಿ ಅಂಗಡಿಯ ಮೇಜಿನ ಮೇಲಿರುವ ಕ್ಯಾಲ್ಕುಲೇಟರನ್ನು ಬಿಚ್ಚಿ ನೋಡಿದರೆ ಈ ಪಾಠಕ್ಕೆ ಒಂದು ತಿದ್ದುಪಡಿ ಕಾಣಸಿಗುವುದುಂಟು. ಅಂಕಿಗಳನ್ನು ತೋರಿಸುವ ಗಾಜಿನ ಫಲಕಕ್ಕೂ ಅದರ ಹಿಂದಿನ ಸರ್ಕ್ಯೂಟ್ ಬೋರ್ಡಿಗೂ ನಡುವೆ ಒಂದು ತಂತಿಯೂ ಇರುವುದಿಲ್ಲ, ಒಂದು ಬೆಸುಗೆಯೂ ಇರುವುದಿಲ್ಲ. ಇರುವುದು ಬೆಂಕಿಕಡ್ಡಿಯಷ್ಟು ದಪ್ಪದ, ಬೆರಳಿನಿಂದ ಬಾಗಿಸಬಹುದಾದ ಒಂದು ರಬ್ಬರ್ ಕಡ್ಡಿ. ಎರಡರ ನಡುವೆ ಅದು ಒತ್ತಿಕೊಂಡು ಕುಳಿತಿರುತ್ತದೆ. ಅಂಕಿಯ ಪ್ರತಿಯೊಂದು ಗೆರೆಗೂ ಬೇಕಾದ ವಿದ್ಯುತ್ತು ಹಾದುಹೋಗುವುದು ಅದರ ಮೂಲಕವೇ.

ಈ ಕಡ್ಡಿಯನ್ನು ಎಲೆಕ್ಟ್ರಾನಿಕ್ಸ್ ವಲಯದಲ್ಲಿ ಜೀಬ್ರಾ ಪಟ್ಟಿ ಎನ್ನುತ್ತಾರೆ. ವ್ಯಾಪಾರದ ಗುರುತಾಗಿದ್ದ ಹೆಸರು ಬಳಕೆಯಲ್ಲಿ ಈ ಜಾತಿಯ ವಸ್ತುವಿಗೆಲ್ಲ ಅಂಟಿಕೊಂಡಿದೆ. ಕ್ಯಾಲ್ಕುಲೇಟರಿನಲ್ಲಷ್ಟೇ ಅಲ್ಲದೆ ಕೈಗಡಿಯಾರ, ಮಲ್ಟಿಮೀಟರ್, ಜ್ವರಮಾಪಕ, ರಕ್ತದ ಸಕ್ಕರೆ ಅಳೆಯುವ ಪುಟ್ಟ ಯಂತ್ರ ಮುಂತಾದ ಅಂಕಿ ತೋರಿಸುವ ಅನೇಕ ಉಪಕರಣಗಳಲ್ಲಿ ಇದು ಅಡಗಿರುತ್ತದೆ. ಅಲ್ಪ ಬೆಲೆಯ ಈ ಪಟ್ಟಿ ಸರಿಯಾಗಿ ಕೂರದೆ ಹೋದರೆ ಉಪಕರಣ ಪೂರ್ತಿ ಕೆಟ್ಟು ನಿಲ್ಲಬೇಕೆಂದೇನೂ ಇಲ್ಲ. ಅದಕ್ಕಿಂತ ಅಪಾಯಕರವಾದದ್ದು ನಡೆಯಬಹುದು: ತಪ್ಪು ಅಂಕಿಯೊಂದು ಸರಿಯಾದ ಅಂಕಿಯ ವೇಷದಲ್ಲಿ ಕಾಣಿಸಿಕೊಳ್ಳಬಹುದು. ಆದುದರಿಂದ ಇದರ ರಚನೆಯನ್ನು ಅರಿಯುವುದು ತಂತ್ರಜ್ಞರಿಗೆ ಮಾತ್ರ ಬಿಟ್ಟುಕೊಡಬೇಕಾದ ವಿಷಯವಲ್ಲ.

ಗಾಜಿನ ಮೇಲಿನ ಕಾಣದ ತಂತಿ

ಇಂತಹ ಪಟ್ಟಿಯೊಂದು ಬೇಕಾಯಿತೇಕೆ ಎಂಬುದನ್ನು ತಿಳಿಯಲು ಅಂಕಿ ತೋರಿಸುವ ಫಲಕದಿಂದಲೇ ಆರಂಭಿಸಬೇಕು. 1888ರಲ್ಲಿ ಪ್ರಾಗ್ ನಗರದಲ್ಲಿದ್ದ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್ ಒಂದು ವಿಚಿತ್ರವನ್ನು ಗಮನಿಸಿದರು. ಅವರು ಪರೀಕ್ಷಿಸುತ್ತಿದ್ದ ವಸ್ತುವಿಗೆ ಎರಡು ಕರಗುಬಿಂದುಗಳಿದ್ದವು. ಸುಮಾರು 145 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಕರಗಿ ಮಬ್ಬು ದ್ರವವಾಗುತ್ತಿತ್ತು. ಸುಮಾರು 178 ಡಿಗ್ರಿಯಲ್ಲಿ ಆ ಮಬ್ಬು ಹರಿದು ದ್ರವ ತಿಳಿಯಾಗುತ್ತಿತ್ತು. ನಡುವಿನ ಆ ಮಬ್ಬು ಸ್ಥಿತಿಯೇ ದ್ರವ ಸ್ಫಟಿಕ. ದ್ರವದಂತೆ ಹರಿಯುವ, ಆದರೆ ಸ್ಫಟಿಕದಂತೆ ಅಣುಗಳು ಒಂದು ಶಿಸ್ತಿನಲ್ಲಿ ಸಾಲುಗಟ್ಟಿರುವ ಸ್ಥಿತಿ ಅದು.

ಈ ಶೋಧ ನಿತ್ಯಬಳಕೆಗೆ ಬರಲು ಎಂಬತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. 1970-71ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಾರ್ಟಿನ್ ಷಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್ಫ್ರಿಕ್, ತಿರುಚಿದ ಕ್ರಮದಲ್ಲಿ ನಿಂತ ಅಣುಗಳನ್ನು ಅತ್ಯಲ್ಪ ವಿದ್ಯುತ್ತಿನಿಂದ ನೆಟ್ಟಗಾಗಿಸಿ ಬೆಳಕನ್ನು ತಡೆಯುವ ವಿಧಾನವನ್ನು ಪ್ರಕಟಿಸಿದರು. 1973ರಲ್ಲಿ ಜಪಾನಿನ ಶಾರ್ಪ್ ಸಂಸ್ಥೆ ದ್ರವ ಸ್ಫಟಿಕ ಫಲಕವುಳ್ಳ ಇಎಲ್-805 ಎಂಬ ಜೇಬು ಕ್ಯಾಲ್ಕುಲೇಟರನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಒಂದೇ ಒಂದು ಪೆನ್ಸಿಲ್ ಸೆಲ್ ಸಾಕಾಗುತ್ತಿತ್ತು. ದ್ರವ ಸ್ಫಟಿಕ ತಾನೇ ಬೆಳಕು ಸೂಸುವುದಿಲ್ಲ. ಬಂದ ಬೆಳಕನ್ನು ಬಿಡುವ ಅಥವಾ ತಡೆಯುವ ಕೆಲಸವನ್ನಷ್ಟೇ ಮಾಡುತ್ತದೆ. ಆದಕಾರಣ ಅದರ ವಿದ್ಯುತ್ ಹಸಿವು ಬಹಳ ಕಡಿಮೆ.

ಫಲಕವೆಂದರೆ ಎರಡು ತೆಳು ಗಾಜುಗಳು ಮತ್ತು ಅವುಗಳ ನಡುವೆ ಮೊಹರು ಮಾಡಿದ ದ್ರವ ಸ್ಫಟಿಕ. ಗಾಜಿನ ಒಳಮೈಯಲ್ಲಿ ಅಂಕಿಯ ಗೆರೆಗಳ ಆಕಾರದಲ್ಲಿ ವಿದ್ಯುದ್ವಾಹಕವನ್ನು ಲೇಪಿಸಿರಬೇಕು. ಆದರೆ ಆ ಲೇಪ ಕಣ್ಣಿಗೆ ಕಾಣಬಾರದು. ತಾಮ್ರವಾಗಲಿ ಬೆಳ್ಳಿಯಾಗಲಿ ಇಲ್ಲಿ ಸಲ್ಲದು. ಇಂಡಿಯಂ ಮತ್ತು ತವರದ ಆಕ್ಸೈಡುಗಳ ಮಿಶ್ರಣವೊಂದು ಈ ಎರಡು ಗುಣಗಳನ್ನೂ ಹೊಂದಿದೆ: ಅದು ಪಾರದರ್ಶಕವೂ ಹೌದು, ವಾಹಕವೂ ಹೌದು. ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ದಪ್ಪದ ಈ ಲೇಪ ಗಾಜಿನ ಅಂಚಿನವರೆಗೆ ಹರಿದು ಬಂದು ಅಲ್ಲಿ ಸಾಲುಸಾಲು ಪುಟ್ಟ ಸಂಪರ್ಕಬಿಂದುಗಳಾಗಿ ಮುಗಿಯುತ್ತದೆ. ಗಾಜನ್ನು ಓರೆಯಾಗಿ ಹಿಡಿದರೆ ಮಾತ್ರ ಅವುಗಳ ನೆರಳು ಕಾಣುತ್ತದೆ.

ಸಮಸ್ಯೆ ಎದುರಾಗುವುದು ಇಲ್ಲಿಯೇ. ಸಾಮಾನ್ಯ ಬೆಸುಗೆಯ ಸೀಸ-ತವರ ಲೋಹದ ಮೈಗೆ ಹತ್ತುತ್ತದೆಯೇ ಹೊರತು ಆಕ್ಸೈಡಿನ ಮೈಗೆ ಹತ್ತುವುದಿಲ್ಲ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಾಗಿ ಜಾರುತ್ತದೆ. ಬೆಸುಗೆಯ ಕಾವು ಗಾಜಿನ ಮೊಹರಿಗೂ ಒಳಗಿನ ದ್ರವಕ್ಕೂ ಹಿತವಲ್ಲ. ಹೇಗೋ ಬೆಸೆದರೂ ತೊಂದರೆ ತಪ್ಪದು. ಬಿಸಿಲಿಗೆ ಗಾಜು ಹಿಗ್ಗುವ ಪ್ರಮಾಣ ಒಂದು, ಬೋರ್ಡು ಹಿಗ್ಗುವ ಪ್ರಮಾಣ ಇನ್ನೊಂದು. ಎರಡನ್ನೂ ಗಟ್ಟಿಯಾಗಿ ಕಟ್ಟಿಹಾಕಿದರೆ ಕೆಲವು ಕಾಲದಲ್ಲಿ ಬೆಸುಗೆ ಬಿರಿಯುತ್ತದೆ, ಇಲ್ಲವೇ ಗಾಜು ಸೀಳುತ್ತದೆ. ಎರಡನ್ನೂ ಜೋಡಿಸಬೇಕು, ಆದರೆ ಎರಡಕ್ಕೂ ತುಸು ಅಲುಗಾಡುವ ಸ್ವಾತಂತ್ರ್ಯವಿರಬೇಕು. ಈ ಬೇಡಿಕೆಗೆ ಉತ್ತರವಾಗಿ ಬಂದದ್ದು ರಬ್ಬರು.

ಪದರ ಪದರವಾಗಿ ಕೊಯ್ದ ಪಟ್ಟಿ

ಪಟ್ಟಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದರ ಉದ್ದಕ್ಕೂ ಕಪ್ಪು ಪದರ, ಬಿಳಿ ಪದರ, ಮತ್ತೆ ಕಪ್ಪು, ಮತ್ತೆ ಬಿಳಿ ಎಂಬ ಕ್ರಮ ಕಾಣುತ್ತದೆ. ಕಪ್ಪು ಪದರ ವಿದ್ಯುತ್ತನ್ನು ಒಯ್ಯುತ್ತದೆ, ಬಿಳಿಯದು ತಡೆಯುತ್ತದೆ. ವಿದ್ಯುತ್ತು ಕೆಳಗಿನ ಬೋರ್ಡಿನಿಂದ ಮೇಲಿನ ಗಾಜಿಗೆ ಕಪ್ಪು ಪದರದ ಮೂಲಕ ಏರಬಲ್ಲುದು. ಆದರೆ ಪಟ್ಟಿಯ ಉದ್ದಕ್ಕೆ ಒಂದು ಕಪ್ಪು ಪದರದಿಂದ ಪಕ್ಕದ ಕಪ್ಪು ಪದರಕ್ಕೆ ದಾಟಲಾರದು. ಒಂದೇ ವಸ್ತು ಒಂದು ದಿಕ್ಕಿಗೆ ವಾಹಕ, ಇನ್ನೊಂದು ದಿಕ್ಕಿಗೆ ಅವಾಹಕ. ಪಟ್ಟಿಯ ಗುಟ್ಟೆಲ್ಲ ಇಷ್ಟೇ.

ಇಷ್ಟು ನವುರಾದ ಪದರಗಳನ್ನು ಒಂದೊಂದಾಗಿ ಜೋಡಿಸುವುದಿಲ್ಲ. ಕರಾವಳಿಯ ಮನೆಗಳಲ್ಲಿ ಪತ್ರೊಡೆ ಮಾಡುವ ಕ್ರಮವನ್ನು ನೆನೆದರೆ ವಿಧಾನ ಸುಲಭವಾಗಿ ಹೊಳೆಯುತ್ತದೆ. ಕೆಸುವಿನ ಎಲೆಯ ಮೇಲೆ ಹಿಟ್ಟು ಹಚ್ಚಿ, ಅದರ ಮೇಲೆ ಇನ್ನೊಂದು ಎಲೆಯಿಟ್ಟು ಮತ್ತೆ ಹಿಟ್ಟು ಹಚ್ಚಿ, ಸುತ್ತಿ ಹಬೆಯಲ್ಲಿ ಬೇಯಿಸಿ ಅಡ್ಡಕ್ಕೆ ಕೊಯ್ದಾಗ ಹೋಳಿನ ಮೈಯಲ್ಲಿ ಹಸಿರು ಗೆರೆ, ಹಿಟ್ಟಿನ ಗೆರೆ ಸರದಿಯಂತೆ ಕಾಣುತ್ತವೆ. ಸುರುಳಿ ಸುತ್ತದೆ ಚಪ್ಪಟೆಯಾಗಿಯೇ ಬೇಯಿಸಿ ಕೊಯ್ದರೆ ದೊರೆಯುವುದು ಜೀಬ್ರಾ ಪಟ್ಟಿಯ ವಿನ್ಯಾಸ. ಕಾರ್ಖಾನೆಯಲ್ಲಿಯೂ ಹಾಗೆಯೇ. ವಾಹಕ ರಬ್ಬರಿನ ತೆಳು ಹಾಳೆ, ಅವಾಹಕ ರಬ್ಬರಿನ ತೆಳು ಹಾಳೆ ಎಂದು ಒಂದರ ಮೇಲೊಂದು ನೂರಾರು ಹಾಳೆಗಳನ್ನು ಪೇರಿಸಿ, ಕಾವು ಮತ್ತು ಒತ್ತಡದಲ್ಲಿ ಒಂದೇ ಗಟ್ಟಿಯಾಗಿಸಿ, ಬಳಿಕ ಪದರಗಳಿಗೆ ಅಡ್ಡವಾಗಿ ಕೊಯ್ದು ಪಟ್ಟಿಗಳನ್ನು ತೆಗೆಯುತ್ತಾರೆ. ಅನೇಕ ಪಟ್ಟಿಗಳ ಎರಡು ಪಕ್ಕಗಳಿಗೆ ಮೃದುವಾದ ಅವಾಹಕ ರಬ್ಬರನ್ನು ಅಂಟಿಸಿರುತ್ತಾರೆ. ಪಟ್ಟಿ ಓಲದೆ ನೆಟ್ಟಗೆ ನಿಲ್ಲಲು ಅದು ಒರಗು.

ಗುರಿಗಿಂತ ಹೇರಳತೆ

ಪದರಗಳು ಎಷ್ಟು ತೆಳ್ಳಗಿರುತ್ತವೆ? ಒಂದು ಕಪ್ಪು ಪದರದ ಆರಂಭದಿಂದ ಮುಂದಿನ ಕಪ್ಪು ಪದರದ ಆರಂಭದವರೆಗಿನ ಅಂತರ 0.18 ಮಿಲಿಮೀಟರ್ ಇರುವ ಪಟ್ಟಿಗಳು ಸಾಮಾನ್ಯ. ಅದಕ್ಕಿಂತಲೂ ಒತ್ತಾಗಿ, 0.1 ಮಿಲಿಮೀಟರ್ ಅಂತರದವೂ ಇವೆ. 30 ಮಿಲಿಮೀಟರ್ ಉದ್ದದ ಪಟ್ಟಿಯಲ್ಲಿ 0.18ರ ಲೆಕ್ಕದಂತೆ ಸುಮಾರು 165 ವಾಹಕ ಪದರಗಳಿರುತ್ತವೆ.

ಉಪಕರಣಕ್ಕೆ ಅಷ್ಟು ದಾರಿಗಳು ಬೇಕೇ? ಎಂಟು ಅಂಕಿಗಳ ಕ್ಯಾಲ್ಕುಲೇಟರಿನ ಲೆಕ್ಕ ಹೀಗಿದೆ. ಪ್ರತಿ ಅಂಕಿಯ ಸ್ಥಾನದಲ್ಲಿ ಏಳು ಗೆರೆಗಳು ಮತ್ತು ಒಂದು ದಶಾಂಶ ಬಿಂದು, ಒಟ್ಟು ಎಂಟು ಭಾಗಗಳಿವೆ. ಎಂಟು ಸ್ಥಾನಗಳಿಗೆ 64 ಭಾಗಗಳು. ಪ್ರತಿಯೊಂದಕ್ಕೂ ಪ್ರತ್ಯೇಕ ದಾರಿ, ಹಿಂಬದಿಯ ಗಾಜಿಗೆ ಒಂದು ಸಮಾನ ದಾರಿ ಎಂದರೆ 65 ಸಂಪರ್ಕಗಳು ಬೇಕು. ಆದರೆ ಹಿಂಬದಿಯ ವಾಹಕವನ್ನು ಮೂರು ಪಾಲು ಮಾಡಿ, ಸರದಿಯಂತೆ ಒಂದೊಂದಕ್ಕೆ ವಿದ್ಯುತ್ತು ಕೊಡುತ್ತ ಹೋದರೆ, ಪ್ರತಿ ಸ್ಥಾನಕ್ಕೆ ಮೂರು ದಾರಿಗಳು ಸಾಕು. ಆಗ 24 ಮತ್ತು 3, ಒಟ್ಟು 27 ಸಂಪರ್ಕಗಳಲ್ಲಿ ಕೆಲಸ ಮುಗಿಯುತ್ತದೆ. ಸರದಿ ಬಹುವೇಗವಾಗಿ ಸುತ್ತುವುದರಿಂದ ಕಣ್ಣಿಗೆ ಎಲ್ಲ ಅಂಕಿಗಳೂ ಒಟ್ಟಿಗೆ ನಿಂತಂತೆ ತೋರುತ್ತವೆ.

27 ಸಂಪರ್ಕಗಳಿಗೆ 165 ವಾಹಕ ಪದರಗಳು. ಈ ಹೇರಳತೆ ದುಂದಲ್ಲ. ಪಟ್ಟಿಯ ಶಕ್ತಿಯೇ ಅದು. ಗಾಜಿನ ಅಂಚಿನ ಒಂದೊಂದು ಸಂಪರ್ಕಬಿಂದು 0.6 ಮಿಲಿಮೀಟರ್ ಅಗಲ, ಎರಡು ಬಿಂದುಗಳ ನಡುವಿನ ತೆರಪು 0.4 ಮಿಲಿಮೀಟರ್ ಎಂದಿಟ್ಟುಕೊಳ್ಳಬಹುದು. ಪಟ್ಟಿಯನ್ನು ಹೇಗೆ ಇಟ್ಟರೂ ಪ್ರತಿ ಬಿಂದುವಿನ ಕೆಳಗೆ ಮೂರು ಕಪ್ಪು ಪದರಗಳಾದರೂ ಬಂದೇ ಬರುತ್ತವೆ. ತೆರಪಿನಲ್ಲಿ ಸಿಕ್ಕ ಒಂದೆರಡು ಪದರಗಳು ಏನನ್ನೂ ಮುಟ್ಟದೆ ಸುಮ್ಮನಿರುತ್ತವೆ. ಪಟ್ಟಿ ಅತ್ತಿತ್ತ ತುಸು ಸರಿದರೆ ಈವರೆಗೆ ಸುಮ್ಮನಿದ್ದ ಪದರ ಕೆಲಸಕ್ಕೆ ಬರುತ್ತದೆ, ಕೆಲಸದಲ್ಲಿದ್ದದ್ದು ವಿಶ್ರಾಂತಿಗೆ ಹೋಗುತ್ತದೆ. ಅಂಕಿಯಲ್ಲಿ ಯಾವ ವ್ಯತ್ಯಾಸವೂ ಆಗದು. ಗಾಜು ಮತ್ತು ಬೋರ್ಡು ಒಂದಕ್ಕೊಂದು ನೇರವಾಗಿದ್ದರೆ ಸಾಕು, ಪಟ್ಟಿಯನ್ನು ಗುರಿಯಿಟ್ಟು ಕೂರಿಸಬೇಕಾಗಿಲ್ಲ. ಮೂರರಲ್ಲಿ ಒಂದು ಪದರ ಧೂಳಿನಿಂದ ಸೋತರೂ ಉಳಿದೆರಡು ಹೊಣೆ ಹೊರುತ್ತವೆ.

ಹಿಡಿದಿಡುವ ಬಲ ಎಲ್ಲಿಂದ ಬರುತ್ತದೆ? ಸ್ಕ್ರೂಗಳು ಅಥವಾ ಲೋಹದ ಚೌಕಟ್ಟು ಗಾಜನ್ನು ಬೋರ್ಡಿನತ್ತ ಒತ್ತಿದಾಗ ಪಟ್ಟಿ ತನ್ನ ಎತ್ತರದ ಸುಮಾರು ಹತ್ತನೆಯ ಒಂದು ಪಾಲಿನಷ್ಟು ಕುಗ್ಗುತ್ತದೆ. ಕುಗ್ಗಿದ ರಬ್ಬರು ಹಿಂದಿನ ಎತ್ತರಕ್ಕೆ ಮರಳಲು ಹವಣಿಸುತ್ತಲೇ ಇರುತ್ತದೆ. ಸ್ಥಿತಿಸ್ಥಾಪಕತೆ ಎಂದು ಪಠ್ಯಪುಸ್ತಕಗಳು ಕರೆಯುವ ಈ ಗುಣವೇ ಮೇಲೆ ಗಾಜನ್ನೂ ಕೆಳಗೆ ಬೋರ್ಡನ್ನೂ ಸದಾ ಒತ್ತಿ ಹಿಡಿಯುತ್ತದೆ. ಉಪಕರಣ ಕೈಜಾರಿ ಬಿದ್ದಾಗ ಗಾಜಿಗೆ ತಗಲುವ ಪೆಟ್ಟನ್ನು ತಗ್ಗಿಸುವುದೂ ಇದೇ ಗುಣ.

ಮಸಿಯಿಂದ ಬಂದ ವಾಹಕತೆ

ಕಪ್ಪು ಪದರಕ್ಕೆ ಬಣ್ಣವೂ ವಾಹಕತೆಯೂ ಬಂದಿರುವುದು ಇಂಗಾಲದ ಮಸಿಯಿಂದ. ಎಣ್ಣೆ ಅಥವಾ ಅನಿಲವನ್ನು ಸಾಕಷ್ಟು ಗಾಳಿಯಿಲ್ಲದೆ ಉರಿಸಿದಾಗ ದೊರೆಯುವ ಅತಿ ನುಣ್ಣನೆಯ ಮಸಿ ಇದು. ದೀಪದ ಕುಡಿಯ ಮೇಲೆ ತಟ್ಟೆ ಹಿಡಿದು ಕಾಡಿಗೆ ಕೂಡಿಸುವ ಹಳೆಯ ಪದ್ಧತಿಯ ದೂರದ ಬಂಧು. ಮಸಿಯ ಕಣಗಳು ವಾಹಕಗಳು, ಸುತ್ತಲಿನ ರಬ್ಬರು ಅವಾಹಕ. ಸ್ವಲ್ಪವೇ ಮಸಿ ಬೆರೆಸಿದರೆ ಕಣಗಳು ದೂರ ದೂರದ ದ್ವೀಪಗಳಾಗಿ ಉಳಿದು ವಿದ್ಯುತ್ತು ಹರಿಯುವುದಿಲ್ಲ. ಪ್ರಮಾಣ ಏರಿಸುತ್ತ ಹೋದರೂ ಬಹಳ ಹೊತ್ತು ಹೆಚ್ಚಿನ ಬದಲಾವಣೆ ಕಾಣದು. ಒಂದು ಮಿತಿ ದಾಟಿದೊಡನೆ ಮಾತ್ರ ಕಣಕ್ಕೆ ಕಣ ತಾಗಿ ಒಂದು ಮೈಯಿಂದ ಇನ್ನೊಂದು ಮೈಯವರೆಗೆ ಸರಪಣಿ ಕೂಡಿಕೊಳ್ಳುತ್ತದೆ. ಅಲ್ಲಿಯವರೆಗೆ ಅವಾಹಕವಾಗಿದ್ದ ರಬ್ಬರು ಹಠಾತ್ತನೆ ವಾಹಕವಾಗುತ್ತದೆ. ಹೊಳೆಗೆ ಅಡ್ಡಲಾಗಿ ಕಲ್ಲುಗಳನ್ನು ಎಸೆಯುತ್ತ ಹೋದರೆ ಕೊನೆಯ ಒಂದೆರಡು ಕಲ್ಲುಗಳು ಬಿದ್ದಾಗಲೇ ದಾಟುದಾರಿಯಾಗುವಂತೆ.

ಇಲ್ಲಿ ಪದಗಳ ಕುರಿತು ಒಂದು ಮಾತು ಸಲ್ಲುತ್ತದೆ. ವಿದ್ಯುತ್ತನ್ನು ಒಯ್ಯುವ ವಸ್ತುವಿಗೆ ಕನ್ನಡದ ವಿಜ್ಞಾನ ಪಠ್ಯ ವಾಹಕ ಎಂದಿತು, ಮಲಯಾಳದ ಪಠ್ಯ ಚಾಲಕಂ ಎಂದಿತು. ಕಾಸರಗೋಡಿನ ವಿದ್ಯಾರ್ಥಿಗೆ ಈ ಎರಡೂ ಮಾತುಗಳು ಕಿವಿಗೆ ಬೀಳುತ್ತವೆ. ಕನ್ನಡದಲ್ಲಿ ಚಾಲಕನೆಂದರೆ ಬಸ್ಸು ನಡೆಸುವವನು, ನಿರ್ವಾಹಕನೆಂದರೆ ಟಿಕೆಟು ಕೊಡುವವನು. ಸಂಸ್ಕೃತ ಮೂಲದ ಪದಗಳನ್ನೇ ಆಯ್ದುಕೊಂಡರೂ ನೆರೆಹೊರೆಯ ಎರಡು ಭಾಷೆಗಳು ಅವಕ್ಕೆ ಬೇರೆ ಬೇರೆ ಕೆಲಸ ವಹಿಸಿವೆ. ಎರಡೂ ಭಾಷೆಗಳ ನಡುವೆ ಓದುವವರು ವಿಜ್ಞಾನದ ಪದವನ್ನು ಅದರ ಧಾತುವಿನಿಂದಲ್ಲದೆ ಅದು ಮಾಡುವ ಕೆಲಸದಿಂದ ಗುರುತಿಸುವುದು ಮೇಲು.

ತೋಟದ ರಬ್ಬರಲ್ಲ

ಕಾಸರಗೋಡು, ಸುಳ್ಯ, ಪುತ್ತೂರುಗಳ ಗುಡ್ಡಗಳಲ್ಲಿ ಬೆಳಗಿನ ಜಾವ ಮರದ ತೊಗಟೆ ಕೊಯ್ದು ಹಾಲು ಇಳಿಸುವ ರಬ್ಬರು ಎಲ್ಲರಿಗೂ ಪರಿಚಿತ. ಜೀಬ್ರಾ ಪಟ್ಟಿಯ ರಬ್ಬರಿಗೂ ಆ ಮರಕ್ಕೂ ಸಂಬಂಧವಿಲ್ಲ. ಅದು ಸಿಲಿಕೋನ್ ರಬ್ಬರು; ಅದರ ತವರು ಮರವಲ್ಲ, ಮರಳು. ಬೆಣಚುಕಲ್ಲಿನಿಂದ ಸಿಲಿಕಾನ್ ಧಾತುವನ್ನು ಬೇರ್ಪಡಿಸಿ, ಅದರಿಂದ ಸಿಲಿಕಾನ್ ಮತ್ತು ಆಮ್ಲಜನಕ ಸರದಿಯಂತೆ ಕೂಡಿದ ಉದ್ದನೆಯ ಅಣುಸರಪಣಿಗಳನ್ನು ಕಟ್ಟುತ್ತಾರೆ. 1940ರಲ್ಲಿ ಅಮೆರಿಕದ ಯೂಜೀನ್ ರೋಚೊ ಇದಕ್ಕೆ ಬೇಕಾದ ಮೂಲವಸ್ತುವನ್ನು ನೇರವಾಗಿ ತಯಾರಿಸುವ ಕ್ರಮವನ್ನು ಕಂಡುಹಿಡಿದ ಮೇಲೆ ಸಿಲಿಕೋನ್ ಕಾರ್ಖಾನೆಯ ಸರಕಾಯಿತು.

ತೋಟದ ರಬ್ಬರು ಈ ಕೆಲಸಕ್ಕೆ ಒದಗದಿರಲು ಕಾರಣಗಳಿವೆ. ಮರದ ರಬ್ಬರಿನ ಅಣುಸರಪಣಿಯಲ್ಲಿ ಇಂಗಾಲದ ಜೋಡಿಬಂಧಗಳಿವೆ. ಗಾಳಿಯಲ್ಲಿರುವ ಓಜೋನ್ ಅವುಗಳನ್ನು ಕಡಿಯುತ್ತದೆ. ಹಳೆಯ ಸೈಕಲ್ ಟಯರಿನ ಪಕ್ಕಗಳಲ್ಲಿ ಕಾಣುವ ಬಿರುಕುಗಳಿಗೆ ಇದೂ ಒಂದು ಕಾರಣ. ಮೇಲಾಗಿ ಅದನ್ನು ಗಟ್ಟಿಗೊಳಿಸಲು ಸಾಮಾನ್ಯವಾಗಿ ಬಳಸುವ ಗಂಧಕ ತಾಮ್ರ ಮತ್ತು ಬೆಳ್ಳಿಯ ಮೈಯನ್ನು ಕಪ್ಪಾಗಿಸುತ್ತದೆ. ಸಿಲಿಕೋನ್ ಸರಪಣಿಯ ಬೆನ್ನೆಲುಬಿನಲ್ಲಿ ಜೋಡಿಬಂಧಗಳಿಲ್ಲ. ಸಿಲಿಕಾನ್ ಮತ್ತು ಆಮ್ಲಜನಕದ ನಡುವಿನ ಬಂಧ ಬಹಳ ಗಟ್ಟಿ. ಹಿಮದ ಚಳಿಯಲ್ಲೂ ಕಾರಿನೊಳಗಿನ ಬೇಸಿಗೆಯ ಕಾವಿನಲ್ಲೂ ಅದು ಮೆತ್ತಗೆಯೇ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ವರ್ಷಗಟ್ಟಲೆ ಒತ್ತಿಹಿಡಿದರೂ ಅದು ಕಾಯಂ ಕುಗ್ಗಿಹೋಗುವುದು ಅತ್ಯಲ್ಪ. ಮರಳಿ ಮೇಲೇಳುವ ಹವಣಿಕೆಯೇ ಸಂಪರ್ಕದ ಆಧಾರವಾಗಿರುವಲ್ಲಿ ಈ ಗುಣ ನಿರ್ಣಾಯಕ.

ಪಟ್ಟಿಯ ಮಿತಿ

ಮಸಿಯ ಸರಪಣಿ ತಾಮ್ರದ ತಂತಿಗೆ ಸಾಟಿಯಲ್ಲ. ಗಾಜಿನಿಂದ ಬೋರ್ಡಿನವರೆಗಿನ ದಾರಿಯಲ್ಲಿ ಸಾವಿರ ಓಮ್‌ನಷ್ಟು ರೋಧ ಇರುವುದು ಸಹಜ. ದ್ರವ ಸ್ಫಟಿಕದ ಒಂದು ಗೆರೆಗೆ ಬೇಕಾದ ಪ್ರವಾಹ ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಎಂದು ಹಿಡಿದರೆ, ಸಾವಿರ ಓಮ್ ದಾಟುವಾಗ ನಷ್ಟವಾಗುವುದು ವೋಲ್ಟಿನ ಸಾವಿರದಲ್ಲಿ ಒಂದು ಪಾಲು. ಮೂರು ವೋಲ್ಟಿನಲ್ಲಿ ನಡೆಯುವ ಫಲಕಕ್ಕೆ ಅದು ಲೆಕ್ಕಕ್ಕೇ ಇಲ್ಲ. ಅದೇ ಪಟ್ಟಿಯಿಂದ ಕೆಂಪಗೆ ಹೊಳೆಯುವ ಎಲ್‌ಇಡಿ ದೀಪಕ್ಕೆ ಆಂಪಿಯರಿನ ನೂರರಲ್ಲಿ ಒಂದು ಪಾಲು ಒಯ್ಯಬೇಕೆಂದರೆ ದಾರಿಯಲ್ಲೇ ಹತ್ತು ವೋಲ್ಟು ಕಳೆದುಹೋಗುತ್ತದೆ. ದೀಪ ಹೊತ್ತುವುದೇ ಇಲ್ಲ. ಮಸಿಯ ರಬ್ಬರೂ ದ್ರವ ಸ್ಫಟಿಕವೂ ಹೀಗೆ ಒಂದಕ್ಕೊಂದು ಹೇಳಿ ಮಾಡಿಸಿದ ಜೋಡಿ. ಹೆಚ್ಚು ಪ್ರವಾಹ ಬೇಕಾದೆಡೆ ಮಸಿಯ ಬದಲು ಬೆಳ್ಳಿಯ ಕಣಗಳನ್ನು ತುಂಬಿದ ಪಟ್ಟಿಗಳನ್ನೋ, ಚಿನ್ನದ ಲೇಪವುಳ್ಳ ಕೂದಲೆಳೆಯಂತಹ ತಂತಿಗಳನ್ನು ಸಿಲಿಕೋನಿನಲ್ಲಿ ಹೂತ ಪಟ್ಟಿಗಳನ್ನೋ ಬಳಸುತ್ತಾರೆ.

ಸಂಪರ್ಕಗಳ ಸಂಖ್ಯೆಯೂ ಪಟ್ಟಿಯನ್ನು ಪರೀಕ್ಷೆಗೆ ಒಡ್ಡುತ್ತದೆ. ಏಳು ನೇರ ಗೆರೆಗಳ ಚೌಕಟ್ಟಿನಲ್ಲಿ ಕನ್ನಡದ ದುಂಡನೆಯ ಅಂಕಿಗಳು ಮೂಡವು. ಅದಕ್ಕೆ ಚುಕ್ಕಿಗಳ ಫಲಕ ಬೇಕು. ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಕಾಣುವ, ಸಾಲಿಗೆ ಹದಿನಾರು ಅಕ್ಷರಗಳಂತೆ ಎರಡು ಸಾಲುಗಳ ಫಲಕದಲ್ಲಿ ಉದ್ದುದ್ದದ 80 ಗೆರೆಗಳೂ ಅಡ್ಡಡ್ಡದ 16 ಗೆರೆಗಳೂ ಸೇರಿ 96 ಸಂಪರ್ಕಗಳು ಬೇಕಾಗುತ್ತವೆ. ಅದರ ಲೋಹದ ಚೌಕಟ್ಟಿನ ಹಿಂಬದಿಯಲ್ಲಿ ತಿರುಚಿದ ಪುಟ್ಟ ಕಿವಿಗಳು ಒತ್ತಿ ಹಿಡಿದಿರುವುದು ಸಾಮಾನ್ಯವಾಗಿ ಜೀಬ್ರಾ ಪಟ್ಟಿಗಳನ್ನೇ. ಆ ಫಲಕವನ್ನು ನಡೆಸುವ ಹಿಟಾಚಿಯ ಎಚ್‌ಡಿ 44780 ಮಾದರಿಯ ಚಿಪ್ಪಿನಲ್ಲಿ ಬಳಕೆದಾರರು ತಾವೇ ರೂಪಿಸಿದ ಎಂಟು ಚಿಹ್ನೆಗಳನ್ನು ಏಕಕಾಲಕ್ಕೆ ಇರಿಸಬಹುದು. ಕನ್ನಡದ ೦ ಅಂಕಿಗೆ ಚಿಪ್ಪಿನಲ್ಲಿರುವ ಸೊನ್ನೆಯೇ ಸಾಕೆಂದರೂ ೧ರಿಂದ ೯ರವರೆಗೆ ಒಂಬತ್ತು ಉಳಿಯುತ್ತವೆ. ಒಂದು ಮನೆ ಕಡಿಮೆ ಬೀಳುತ್ತದೆ.

ಸಂಪರ್ಕಗಳು ಇನ್ನೂ ಒತ್ತಾಗಿ, ಸಾವಿರಗಳ ಲೆಕ್ಕಕ್ಕೆ ಏರಿದಾಗ ಪಟ್ಟಿ ಹಿಂದೆ ಸರಿಯುತ್ತದೆ. ಮೊಬೈಲ್ ಫೋನಿನ ಪರದೆಯಲ್ಲಿ ಚಿಪ್ಪನ್ನೇ ಗಾಜಿನ ಮೇಲೆ ಕೂರಿಸಿ, ನುಣುಪಾದ ವಾಹಕ ಕಣಗಳನ್ನು ಹೊತ್ತ ಅಂಟಿನ ಹಾಳೆಯಿಂದ ಕಾಯಿಸಿ ಒತ್ತಿ ಬೆಸೆಯುತ್ತಾರೆ. ಒಂದು ದಿಕ್ಕಿಗೆ ಮಾತ್ರ ಒಯ್ಯುವ ತತ್ತ್ವ ಅಲ್ಲಿಯೂ ಅದೇ. ಆದರೆ ಬೆಸೆದದ್ದನ್ನು ಮನೆಯಲ್ಲಿ ಬಿಚ್ಚಿ ಮತ್ತೆ ಜೋಡಿಸುವಂತಿಲ್ಲ.

ಎಂಟು ಸೊನ್ನೆಯಾಗುವ ಬಗೆ

ಪಟ್ಟಿಯ ಶತ್ರುಗಳು ಮೂರು: ಕೊಳೆ, ತೇವ, ಸಡಿಲಿಕೆ. ಬೆರಳಿನ ಬೆವರು ಮತ್ತು ಜಿಡ್ಡು ಸಂಪರ್ಕಬಿಂದುವಿನ ಮೇಲೆ ತೆಳುವಾದ ಪರೆಯಾಗಿ ನಿಲ್ಲುತ್ತದೆ. ಕರಾವಳಿಯ ಮಳೆಗಾಲದಲ್ಲಿ ತೇವ ಒಳಸೇರಿ ಬೋರ್ಡಿನ ತಾಮ್ರವನ್ನು ಕಿಲುಬಾಗಿಸುತ್ತದೆ. ಉಪಕರಣ ಬಿದ್ದಾಗ ಸ್ಕ್ರೂ ಸಡಿಲಾಗಿ ಒತ್ತಡ ತಗ್ಗುತ್ತದೆ. ಆಗ ಕೆಲವು ಗೆರೆಗಳು ಮಸುಕಾಗುತ್ತವೆ, ಇಲ್ಲವೇ ಮಾಯವಾಗುತ್ತವೆ.

ಮಾಯವಾದ ಗೆರೆ ಅಂಕಿಯನ್ನು ವಿಕಾರಗೊಳಿಸಿದರೆ ನೋಡಿದವರಿಗೆ ಅನುಮಾನ ಬರುತ್ತದೆ. ಅಪಾಯವಿರುವುದು ಅಂಕಿ ವಿಕಾರವಾಗದೆ ಇನ್ನೊಂದು ಅಂಕಿಯಾದಾಗ. 8ರ ನಡುಗೆರೆ ಹೋದರೆ 0. ಎಡಭಾಗದ ಕೆಳಗೆರೆ ಹೋದರೆ 9. ಬಲಭಾಗದ ಮೇಲ್ಗೆರೆ ಹೋದರೆ 6. ಎಡಭಾಗದ ಎರಡೂ ಗೆರೆಗಳು ಹೋದರೆ 3. 7ರ ನೆತ್ತಿಯ ಗೆರೆ ಅಳಿದರೆ 1. ಬಲಭಾಗದ ಮೇಲ್ಗೆರೆ ಕಳೆದುಕೊಂಡ 9, ಎಡಭಾಗದ ಕೆಳಗೆರೆ ಕಳೆದುಕೊಂಡ 6, ಎರಡೂ 5 ಆಗುತ್ತವೆ. ದಶಾಂಶ ಬಿಂದುವಿಗೂ ಇದೇ ಪಟ್ಟಿಯೇ ದಾರಿ. ಅದು ಅಳಿಸಿಹೋದರೆ 12.6 ಎಂಬುದು 126 ಆಗುತ್ತದೆ. ಪ್ರತಿ ಗೆರೆಗೂ ಪ್ರತ್ಯೇಕ ದಾರಿಯಿರುವ ಉಪಕರಣದಲ್ಲಿ ಒಂದೇ ಗೆರೆ ಕಾಣೆಯಾಗುತ್ತದೆ; ದಾರಿ ಹಂಚಿಕೊಂಡಿರುವಲ್ಲಿ ಎರಡು ಮೂರು ಒಟ್ಟಿಗೆ ಕಾಣೆಯಾಗುತ್ತವೆ. ತೇವದಿಂದ ಅಕ್ಕಪಕ್ಕದ ದಾರಿಗಳು ಕೂಡಿಕೊಂಡರೆ ಬೇಡದ ಗೆರೆ ಮೂಡಿ 1 ಎಂಬುದು 7 ಆಗುವುದೂ ಸಾಧ್ಯ.

ಅಂಗಡಿಯ ಲೆಕ್ಕದಲ್ಲಿ 780 ಎಂಬುದು 700 ಆದರೆ ನಷ್ಟ ಎಂಬತ್ತು ರೂಪಾಯಿ. ರಕ್ತದ ಸಕ್ಕರೆ 183 ಇರುವಲ್ಲಿ 103 ಎಂದು ಕಂಡರೆ ನಷ್ಟವನ್ನು ರೂಪಾಯಿಯಲ್ಲಿ ಹೇಳಲಾಗದು. ಊಟವಾಗಿ ಎರಡು ಗಂಟೆಯ ಬಳಿಕ ಮೊದಲನೆಯದು ವೈದ್ಯರಿಗೆ ತಿಳಿಸಬೇಕಾದ ಅಂಕಿ, ಎರಡನೆಯದು ನೆಮ್ಮದಿಯ ಅಂಕಿ. ಒಳಗಿನ ಅಳತೆ ಸರಿಯಾಗಿಯೇ ಇದೆ, ಲೆಕ್ಕವೂ ಸರಿಯಾಗಿದೆ. ಕಣ್ಣಿಗೆ ತಲುಪುವ ಕೊನೆಯ ಕೆಲವು ಮಿಲಿಮೀಟರುಗಳಲ್ಲಿ ಸತ್ಯ ಬದಲಾಗಿರುತ್ತದೆ.

ಇದಕ್ಕೆ ತಯಾರಕರು ಒದಗಿಸಿರುವ ಕಾವಲು ಬಹಳ ಸರಳ. ಸಕ್ಕರೆ ಅಳೆಯುವ ಯಂತ್ರ, ಜ್ವರಮಾಪಕ, ರಕ್ತದೊತ್ತಡದ ಯಂತ್ರ ಮುಂತಾದವುಗಳಲ್ಲಿ ಗುಂಡಿ ಒತ್ತಿದೊಡನೆ ಒಂದೆರಡು ಕ್ಷಣ ಎಲ್ಲ ಸ್ಥಾನಗಳಲ್ಲೂ 8, ಜೊತೆಗೆ ಎಲ್ಲ ಬಿಂದುಗಳೂ ಚಿಹ್ನೆಗಳೂ ಮೂಡಿ ಮರೆಯಾಗುವುದು ಸಾಮಾನ್ಯ. ಅನೇಕರು ಅದನ್ನು ಯಂತ್ರ ಎಚ್ಚರಗೊಳ್ಳುವ ಆಟವೆಂದು ನೋಡಿಯೂ ನೋಡದಂತಿರುತ್ತಾರೆ. ಅದು ಬಳಕೆದಾರರ ಕಣ್ಣಿಗೆಂದೇ ಇಟ್ಟ ಪರೀಕ್ಷೆ. ಏಳೂ ಗೆರೆಗಳು ಬೇಕಾದ ಅಂಕಿ 8 ಒಂದೇ; ಅದು ಪೂರ್ತಿಯಾಗಿ ಕಂಡರೆ ಆ ಗೆರೆಗಳ ಯಾವ ದಾರಿಯೂ ಕಡಿದಿಲ್ಲ ಎಂದರ್ಥ. ಕ್ಯಾಲ್ಕುಲೇಟರಿನಲ್ಲಿ ಆ ಪರೀಕ್ಷೆ ತಾನಾಗಿ ನಡೆಯದಿದ್ದರೆ ಎಂಟು ಸಲ 8ನ್ನು ಒತ್ತಿ ನೋಡಿದರಾಯಿತು.

ಎಸೆಯುವ ಮುನ್ನ

ಗೆರೆ ಮಾಯವಾದ ಕ್ಯಾಲ್ಕುಲೇಟರು ಅಥವಾ ಗೋಡೆ ಗಡಿಯಾರ ಹೆಚ್ಚಾಗಿ ಕಸದ ಬುಟ್ಟಿ ಸೇರುತ್ತದೆ. ಅದಕ್ಕೆ ಮೊದಲು ದೋಷದ ಬಗೆಯನ್ನು ಗುರುತಿಸಬೇಕು. ಎಲ್ಲ ಅಂಕಿಗಳೂ ಸಮನಾಗಿ ಮಸುಕಾಗಿದ್ದರೆ ಸೆಲ್ ಮುಗಿದಿರಬಹುದು. ಮಸಿ ಚೆಲ್ಲಿದಂತೆ ಕಪ್ಪು ಕಲೆ ಹರಡಿದ್ದರೆ ಗಾಜು ಒಡೆದಿದೆ. ಅದಕ್ಕೆ ಪಟ್ಟಿ ಮದ್ದಲ್ಲ. ಕೆಲವೇ ಗೆರೆಗಳು ಕಾಣೆಯಾಗಿದ್ದು, ಫಲಕದ ಅಂಚನ್ನು ಮೆಲ್ಲಗೆ ಒತ್ತಿದಾಗ ಮರಳಿ ಬರುತ್ತಿದ್ದರೆ ದೋಷ ಸಂಪರ್ಕದ್ದೇ.

ಅಂತಹ ಉಪಕರಣದ ಸೆಲ್ ತೆಗೆದು, ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ, ಗಾಜನ್ನೂ ಪಟ್ಟಿಯನ್ನೂ ಇದ್ದ ಕ್ರಮ ಗುರುತಿಟ್ಟುಕೊಂಡು ಹೊರತೆಗೆಯಬೇಕು. ಎಳೆ ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತುಸುವೇ ಸೋಕಿಸಿ ಬೋರ್ಡಿನ ಬಿಂದುಗಳನ್ನು, ಗಾಜಿನ ಅಂಚನ್ನು, ಪಟ್ಟಿಯ ಮೇಲ್ಮೈ ಮತ್ತು ಕೆಳಮೈಗಳನ್ನು ಒರಸಬೇಕು. ಉಜ್ಜುವ ಕಾಗದವನ್ನಾಗಲಿ ಚಾಕುವನ್ನಾಗಲಿ ತಾಗಿಸಬಾರದು. ಗಾಜಿನ ಲೇಪ ಎಷ್ಟು ತೆಳುವೆಂಬುದು ನೆನಪಿರಬೇಕು. ಒರಸಿದ ಮೇಲೆ ಆ ಮೈಗಳಿಗೆ ಬೆರಳು ಸೋಕಿಸದೆ ಮತ್ತೆ ಜೋಡಿಸಿ, ಸ್ಕ್ರೂಗಳನ್ನು ಒಂದೇ ಬಾರಿಗೆ ಬಿಗಿಯದೆ ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಒಂದು ಕಡೆ ಹೆಚ್ಚಾಗಿ ಬಿಗಿದರೆ ಇನ್ನೊಂದು ಕಡೆಯ ಪಟ್ಟಿ ಒತ್ತಡವಿಲ್ಲದೆ ಉಳಿಯುತ್ತದೆ, ಗಾಜು ಸೀಳಲೂಬಹುದು. ಕಡ್ಡಿಯ ಬದಲು ಗಾಜಿಗೆ ಅಂಟಿಸಿದ ಪ್ಲಾಸ್ಟಿಕ್ ರಿಬ್ಬನ್ ಕಂಡರೆ ಅದನ್ನು ಎಳೆಯಬಾರದು. ಅದು ಕಾಯಿಸಿ ಅಂಟಿಸಿದ ಬೇರೊಂದು ಬಗೆಯ ಸಂಪರ್ಕ, ಕೈಯಿಂದ ಮರಳಿ ಕೂರುವಂಥದ್ದಲ್ಲ.

ವೈದ್ಯಕೀಯ ಉಪಕರಣಗಳಿಗೆ ಮಾತ್ರ ಈ ಮನೆಮದ್ದು ಸಲ್ಲದು. ಅವುಗಳಲ್ಲಿ 8 ಪೂರ್ತಿಯಾಗಿ ಮೂಡದಿದ್ದರೆ ಅಂದಿನಿಂದಲೇ ಬಳಕೆ ನಿಲ್ಲಿಸಿ ಬದಲಾಯಿಸಿಕೊಳ್ಳುವುದು ಸರಿಯಾದ ದಾರಿ. ಸಾಮಾನ್ಯವಾಗಿ ಮನೆಯಲ್ಲಿ ಇಂತಹ ಯಂತ್ರವನ್ನು ಬಳಸುವವರು ವಯಸ್ಸಾದವರು. ಅಂಕಿಯನ್ನು ಓದಿ ಹೇಳುವವರು ಕಿರಿಯರು. ಗುಂಡಿ ಒತ್ತಿದ ಆ ಒಂದೆರಡು ಕ್ಷಣ ಎಂಟುಗಳ ಸಾಲನ್ನು ಗಮನವಿಟ್ಟು ನೋಡಿ, ಆ ಬಳಿಕವಷ್ಟೇ ಅಜ್ಜ ಅಜ್ಜಿಯರಿಗೆ ಅಂಕಿ ಹೇಳುವ ಅಭ್ಯಾಸವನ್ನು ಅವರು ಬೆಳೆಸಿಕೊಳ್ಳಬೇಕು.